ಜೋಡಿ ಕಟ್ಟುವವರು, ವೇಷ ಕಟ್ಟುವವರು

ಟೀವಿಯಲ್ಲಿ ಬರುವ ಇಬ್ಬರ ನಡುವೆ ಪ್ರೀತಿ ಇದೆಯೋ ಇಲ್ಲವೋ ಎಂದು ವರ್ಷಗಟ್ಟಲೆ ಜಗಳವಾಡಿದ ಜನರನ್ನು ನೋಡಬೇಕಾ? ಎಕ್ಸ್ ಫೈಲ್ಸ್ ಅಭಿಮಾನಿಗಳನ್ನು ಮಾತಾಡಿಸಿ. ಅದು 1993ರಲ್ಲಿ ಶುರುವಾದ ಅಮೆರಿಕದ ಧಾರಾವಾಹಿ. ಮಲ್ಡರ್ ಮತ್ತು ಸ್ಕಲ್ಲಿ ಇಬ್ಬರೂ ಎಫ್‌ಬಿಐ ಅಧಿಕಾರಿಗಳು. ಅವನಿಗೆ ಅನ್ಯಗ್ರಹದವರ ಮೇಲೆ ನಂಬಿಕೆ, ಅವಳಿಗೆ ವಿಜ್ಞಾನದ ಮೇಲೆ. ಇವರ ನಡುವೆ ಪ್ರೇಮ ತರುವ ಉದ್ದೇಶ ಧಾರಾವಾಹಿ ಹುಟ್ಟುಹಾಕಿದ ಕ್ರಿಸ್ ಕಾರ್ಟರ್ ಅವರಿಗೆ ಇರಲಿಲ್ಲ. ಅವರ ಮಾತು ಯಾರು ಕೇಳುತ್ತಾರೆ? ನೋಡುಗರು ಎರಡು ಪಂಗಡವಾದರು. ಜೋಡಿ ಆಗಲೇಬೇಕು ಎನ್ನುವ ಶಿಪ್ಪರ್‌ಗಳು ಒಂದು ಕಡೆ. ಪ್ರೇಮಗೀಮ ತಂದು ಕಥೆ ಕೆಡಿಸಬೇಡಿ ಎನ್ನುವ ನೋರೋಮೋಗಳು ಇನ್ನೊಂದು ಕಡೆ.

ನಾನು ಇಂಗ್ಲೆಂಡಿನಲ್ಲಿ ನೆಲೆಸಿ ಬಹಳ ಕಾಲವಾಯಿತು. ಇಲ್ಲಿನ ನನ್ನ ಸ್ನೇಹಿತರಲ್ಲಿ ಈ ಹುಚ್ಚು ಹಿಡಿದವರು ಜಾಸ್ತಿ. ಮೊದಮೊದಲು ಇವರ ವಾದ ಕೇಳಿ ನಗು ಬರುತ್ತಿತ್ತು. ಈಗ ಒಂಥರಾ ಗೌರವ ಬಂದಿದೆ. ಯಾಕೆಂದರೆ ಇವರು ಸುಮ್ನೆ 'ನನಗೆ ಹಾಗನ್ನಿಸುತ್ತೆ' ಎಂದು ಕೈ ತೊಳೆದುಕೊಳ್ಳುವುದಿಲ್ಲ. ಸಾಕ್ಷಿ ತರುತ್ತಾರೆ. ಇಂಥ ಸೀಸನ್ನು, ಇಂಥ ಕಂತು, ಅವನ ಕೈ ಅವಳ ಹೆಗಲ ಮೇಲೆ ಎಷ್ಟು ಹೊತ್ತು ಇತ್ತು, ಅವಳು ಮನೆತನದ ಹೆಸರು ಬಿಟ್ಟು ಅವನನ್ನು ಸ್ವಂತ ಹೆಸರಿನಿಂದ ಕರೆದದ್ದು ಯಾವಾಗ. ಎದುರು ಪಂಗಡದವರು ಅದೇ ದೃಶ್ಯವನ್ನೇ ಎತ್ತಿಕೊಂಡು 'ಇದು ಬರೀ ಸ್ನೇಹ' ಎಂದು ಸಾಧಿಸುತ್ತಾರೆ.

ನಮ್ಮ ಕಡೆ ಧಾರಾವಾಹಿಯ ಮಾತುಕತೆ ಹೀಗಿರುವುದಿಲ್ಲ. ಯಾರಿಗೆ ಯಾರು ಜೋಡಿ ಎನ್ನುವುದು ಪ್ರೋಮೋದಲ್ಲೇ ತೀರ್ಮಾನವಾಗಿರುತ್ತದೆ. ಆ ಜೋಡಿಗೆ ಅಡ್ಡಗಾಲು ಹಾಕುವವರು ಯಾರು, ಅವಳು ಹಾಗೆ ಮಾಡಿದ್ದು ಸರಿಯಾ, ಅತ್ತೆ ಅಷ್ಟೆಲ್ಲ ಅಂದಾಗ ಇವನ ಬಾಯಿಗೇನಾಗಿತ್ತು, ಇವೇ ನಮ್ಮ ಪ್ರಶ್ನೆಗಳು. ನಾವು ಪಂಚಾಯಿತಿ ಮಾಡುತ್ತೇವೆ, ಇಲ್ಲಿಯವರು ಪತ್ತೇದಾರಿ ಮಾಡುತ್ತಾರೆ. ಒಮ್ಮೆ ಫೋನಿನಲ್ಲಿ ನನ್ನ ಚಿಕ್ಕಮ್ಮನಿಗೆ ಮಲ್ಡರ್, ಸ್ಕಲ್ಲಿ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಷ್ಟು ವರ್ಷ ಜೊತೇಲಿ ಓಡಾಡಿದ್ರೂ ಅವಳ ಮನೇಲಿ ಯಾರೂ ಏನೂ ಕೇಳ್ಲಿಲ್ವೇನೋ?" ಅಂದರು. ಸ್ಕಲ್ಲಿಗೊಬ್ಬ ಅಣ್ಣ ಇದ್ದಾನೆ, ಅವನಿಗೆ ಮಲ್ಡರ್ ಕಂಡರೆ ಆಗುವುದಿಲ್ಲ ಅಂದೆ. ಚಿಕ್ಕಮ್ಮನಿಗೆ ಆ ಅಣ್ಣ ಕೂಡಲೇ ಹಿಡಿಸಿಬಿಟ್ಟ.

ಜೋಡಿಗಳ ವಿಷಯದಲ್ಲಿ ನನ್ನ ಮತ ಇಲ್ಲಿಯವರ ರೀತಿಗೇ. ಅದು ನೋಡುವುದನ್ನು ಕಲಿಸುತ್ತದೆ. ಈ ಅಭ್ಯಾಸ ಇಂಟರ್ನೆಟ್ಟಿಗಿಂತ ಹಳೆಯದು. ಬಾಹ್ಯಾಕಾಶ ನೌಕೆಯ ಕಥೆಯಾದ ಸ್ಟಾರ್ ಟ್ರೆಕ್ 1966ರಿಂದ 1969ರವರೆಗೆ ಬಂದದ್ದು ಮೂರೇ ಸೀಸನ್. ಅದು ಮುಗಿದ ಮೇಲೆ ಅಭಿಮಾನಿಗಳು, ಅದರಲ್ಲೂ ಹೆಂಗಸರು, ತಾವೇ ಕಥೆ ಬರೆದು, ಟೈಪ್ ಮಾಡಿ, ಪುಟ್ಟ ಪತ್ರಿಕೆಗಳನ್ನು ತಂದು ಅಂಚೆಯಲ್ಲಿ ಹಂಚಿದರು. ಅದರ ನಾಯಕ ಕ್ಯಾಪ್ಟನ್ ಕರ್ಕ್ ಮತ್ತು ಅವನ ಗೆಳೆಯ ಸ್ಪಾಕ್ ಪ್ರೇಮಿಗಳು ಎನ್ನುವ ಕಥೆ ಅಂಥ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1974ರಲ್ಲಿ. ಇಬ್ಬರು ಗಂಡಸರ ಪ್ರೇಮವನ್ನು ಆಗಿನ ಟೀವಿ ತೋರಿಸುವ ಮಾತೇ ಇರಲಿಲ್ಲ. ಇಲ್ಲದ್ದನ್ನು ಇದೆ ಅಂತಾರೆ, ಇವರಿಗೆ ತಲೆ ಕೆಟ್ಟಿದೆ ಎಂದು ಬೈದವರು ಬಹಳ ಮಂದಿ.

ಆದರೆ ಕೆಲವು ಸಲ ಅದು ಇದ್ದೇ ಇರುತ್ತದೆ. ಬರೆದವರು ಇಟ್ಟಿರುವುದಿಲ್ಲ, ನಟ ಇಟ್ಟಿರುತ್ತಾನೆ. ಡೀಪ್ ಸ್ಪೇಸ್ ನೈನ್ 1993ರಲ್ಲಿ ಬಂದ ಸ್ಟಾರ್ ಟ್ರೆಕ್ ಕೂಸು. ಅದರಲ್ಲಿ ಗ್ಯಾರಕ್ ಎನ್ನುವ ದರ್ಜಿ ಇದ್ದಾನೆ. ಹಳೇ ಬೇಹುಗಾರ, ಬಾಯಿ ಬಿಟ್ಟರೆ ಸುಳ್ಳು. ಡಾಕ್ಟರ್ ಬಷೀರ್ ಜೊತೆ ಇವನ ಮೊದಲ ಭೇಟಿಯನ್ನು ನೋಡಿದ ಅಭಿಮಾನಿಗಳು 'ಇಲ್ಲಿ ಏನೋ ಇದೆ' ಎಂದು ಪಟ್ಟು ಹಿಡಿದರು. ಬಷೀರ್ ಮೇಲೆ ಗ್ಯಾರಕ್‌ಗೆ ಆಕರ್ಷಣೆ ಇದೆ ಎಂದುಕೊಂಡೇ ಅಭಿನಯಿಸಿದ್ದೆ ಎಂದು ನಟ ಆಂಡ್ರ್ಯೂ ರಾಬಿನ್ಸನ್ ಆಮೇಲೆ ಒಪ್ಪಿಕೊಂಡರು. ಕಥೆಗಾರರು ಅದನ್ನು ಮುಂದಕ್ಕೆ ಒಯ್ಯಲಿಲ್ಲ. ಒಯ್ಯದಿದ್ದರೇನಂತೆ, ಕಣ್ಣಿಟ್ಟು ನೋಡಿದವರಿಗೆ ಸಿಕ್ಕಿತಲ್ಲ!

ಇದರ ತಿರುವುಮುರುವೂ ಇದೆ. ಅಭಿಮಾನಿಗಳು ಕಥೆಯ ಮಹಾ ಯೋಜನೆ ಎಂದುಕೊಳ್ಳುವುದು ಎಷ್ಟೋ ಸಲ ನಟನಟಿಯರ ಬದುಕಿನ ಆಕಸ್ಮಿಕ. ಸ್ಕಲ್ಲಿ ಪಾತ್ರದ ಗಿಲಿಯನ್ ಆಂಡರ್ಸನ್ 1994ರಲ್ಲಿ ಗರ್ಭಿಣಿಯಾದರು. ಪಾತ್ರವನ್ನು ಕೆಲವು ಕಂತು ಮರೆಮಾಡಬೇಕಿತ್ತು. ಹಾಗಾಗಿ ಸ್ಕಲ್ಲಿಯನ್ನು ಅಪಹರಿಸಿದರು. ಅವಳಿಲ್ಲದೆ ಮಲ್ಡರ್ ಒದ್ದಾಡಿದ. ಆ ಒದ್ದಾಟವೇ ಶಿಪ್ಪರ್‌ಗಳ ದೊಡ್ಡ ಸಾಕ್ಷಿಯಾಯಿತು. ಒಂದು ಬಾಣಂತನದಿಂದ ಇಷ್ಟೆಲ್ಲ! ಸ್ಟಾರ್ ಟ್ರೆಕ್‌ನ ಇನ್ನೊಂದು ಕೂಸು ವಾಯೇಜರ್ ಧಾರಾವಾಹಿಯಲ್ಲಿ ಇದು ಉಲ್ಟಾ ಆಯಿತು. ಕ್ಯಾಪ್ಟನ್ ಜೇನ್ವೇಗೂ ಚಕೋಟೇಗೂ ಏನಾದರೂ ಆಗುತ್ತದೆ ಎಂದು ಜನ ಏಳು ಸೀಸನ್ ಕಾದರು. 2001ರ ಕೊನೆಯ ಕಂತಿನಲ್ಲಿ ಚಕೋಟೇಯನ್ನು ಸೆವೆನ್ ಆಫ್ ನೈನ್ ಎಂಬ ಹೆಸರಿನ ಇನ್ನೊಬ್ಬಳ ಪಕ್ಕದಲ್ಲಿ ನಿಲ್ಲಿಸಿಬಿಟ್ಟರು. ಈ ವಿಷಯ ನನ್ನ ಒಬ್ಬ ಸಹೋದ್ಯೋಗಿಯ ಮುಂದೆ ಎತ್ತುವ ಹಾಗಿಲ್ಲ.

ನಟರು ಬದಲಾದಾಗ ಮಾತ್ರ ಇಲ್ಲಿಯವರ ಪತ್ತೇದಾರಿ ನನಗೆ ಹಿಡಿಸುವುದಿಲ್ಲ. ತೆರೆಯ ಮೇಲಿನ ಸಾಕ್ಷಿ ಹುಡುಕುವವರು ಈಗ ತೆರೆಯ ಹಿಂದೆ ಕೈ ಹಾಕುತ್ತಾರೆ. ಬ್ಯಾಬಿಲಾನ್ ಫೈವ್ ಇದಕ್ಕೆ ಉದಾಹರಣೆ. ಐದು ವರ್ಷದ ಕಥೆಯನ್ನು ಮೊದಲೇ ಯೋಚಿಸಿ ಶುರು ಮಾಡಿದ ಧಾರಾವಾಹಿ. ಮೊದಲ ಸೀಸನ್ನಿನ ನಾಯಕ ಸಿಂಕ್ಲೇರ್, ಆ ಪಾತ್ರ ಮೈಕಲ್ ಓಹೇರ್ ಅವರದ್ದು. ಎರಡನೇ ಸೀಸನ್ನಿಗೆ ಅವರಿಲ್ಲ. ಬ್ರೂಸ್ ಬಾಕ್ಸ್‌ಲೈಟ್ನರ್ ಶೆರಿಡನ್ ಆಗಿ ಬಂದರು. ಅನ್ಯಗ್ರಹದ ಡೆಲೆನ್ ಜೊತೆಗಿನ ಪ್ರೇಮಕಥೆ ಶೆರಿಡನ್ ಪಾಲಾಯಿತು. ಆ ಜೋಡಿಯನ್ನು ಜನ ಇವತ್ತಿಗೂ ಪ್ರೀತಿಸುತ್ತಾರೆ. ಆದರೆ ಓಹೇರ್ ಯಾಕೆ ಹೋದರು? ನಟನೆ ಚೆನ್ನಾಗಿರಲಿಲ್ಲ, ತೆಗೆದುಹಾಕಿದರು, ಜಗಳವಾಯಿತು, ಹೀಗೆ ವರ್ಷಗಟ್ಟಲೆ ಊಹೆ. ಓಹೇರ್ 2012ರಲ್ಲಿ ತೀರಿಕೊಂಡರು. ಮರುವರ್ಷ ಧಾರಾವಾಹಿಯ ಕರ್ತೃ ಸ್ಟ್ರಾಝಿನ್ಸ್ಕಿ ನಿಜ ಹೇಳಿದರು. ಮೊದಲ ಸೀಸನ್ ನಡೆಯುವಾಗಲೇ ಓಹೇರ್ ಅವರಿಗೆ ತೀವ್ರವಾದ ಮಾನಸಿಕ ಕಾಯಿಲೆ ಇತ್ತು. ಅದನ್ನು ಇಟ್ಟುಕೊಂಡೇ ಅವರು ಸೀಸನ್ ಮುಗಿಸಿದ್ದರು. ನಾನು ಹೋದ ಮೇಲೆ ಹೇಳಿ, ಬೇರೆಯವರಿಗೆ ಉಪಯೋಗವಾದೀತು ಎಂದು ಅವರೇ ಕೇಳಿಕೊಂಡಿದ್ದರಂತೆ. ಇದು ಗೊತ್ತಾದ ಮೇಲೆ ಮೊದಲ ಸೀಸನ್ ಮತ್ತೆ ನೋಡಿದೆ. 'ಬಿಗಿಯಾದ ನಟನೆ' ಎಂದು ಜನ ಹಂಗಿಸುತ್ತಿದ್ದ ದೃಶ್ಯಗಳನ್ನು ನೋಡುವುದು ಸುಲಭವಾಗಲಿಲ್ಲ.

ಹೊಸಬರ ಮೇಲೆ ತಿರುಗಿ ಬೀಳುವುದೂ ಇದೇ ಜಾತಿಯದು. ಸ್ಟಾರ್‌ಗೇಟ್ ಧಾರಾವಾಹಿಯಿಂದ ಮೈಕಲ್ ಶಾಂಕ್ಸ್ ಹೊರಟಾಗ ಅವರ ಜಾಗ ತುಂಬಿದ ಕೋರಿನ್ ನೆಮೆಕ್ ಮೇಲೆ ಕೋಪ ಬಂತು. ಪಾಪ, ಆತ ಯಾರನ್ನೂ ಓಡಿಸಿರಲಿಲ್ಲ. ಶಾಂಕ್ಸ್ ಒಂದು ಸೀಸನ್ ಬಿಟ್ಟು ವಾಪಸ್ಸೂ ಬಂದರು. ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾವನ್ನು 2003ರಲ್ಲಿ ಹೊಸದಾಗಿ ಮಾಡಿದಾಗ ಸ್ಟಾರ್‌ಬಕ್ ಎನ್ನುವ ಗಂಡು ಪಾತ್ರವನ್ನು ಹೆಣ್ಣಾಗಿಸಿ ಕೇಟೀ ಸ್ಯಾಕ್‌ಹಾಫ್‌ಗೆ ಕೊಟ್ಟರು. ಹಳೇ ಸ್ಟಾರ್‌ಬಕ್ ಡರ್ಕ್ ಬೆನೆಡಿಕ್ಟ್ ಅವರೇ ಸಿಟ್ಟಿನಿಂದ ಲೇಖನ ಬರೆದರು. ಇನ್ನು 2022ರಲ್ಲಿ ಸ್ಟಾರ್ ವಾರ್ಸ್ ಧಾರಾವಾಹಿ ಓಬಿ-ವಾನ್ ಕೆನೋಬಿ ಬಂದಾಗ ಮೋಸೆಸ್ ಇಂಗ್ರಾಮ್ ಎಂಬ ಕಪ್ಪು ನಟಿಗೆ ಬಂದ ಸಂದೇಶಗಳು ಬರೆಯಲು ಯೋಗ್ಯವಲ್ಲ.

ಇಲ್ಲಿ ನಾನು ನಮ್ಮವರ ಪರ. ವೇಷ ಬದಲಾದರೆ ನಮಗೆ ಆಕಾಶ ಕಳಚಿ ಬೀಳುವುದಿಲ್ಲ. ಯಕ್ಷಗಾನಕ್ಕೆ ಹೋಗುವವರು 'ಇವತ್ತಿನ ಕರ್ಣ ಯಾರದು?' ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಕರ್ಣ ಬೇರೆ, ಕಲಾವಿದ ಬೇರೆ ಎನ್ನುವ ತಿಳಿವಳಿಕೆ ಇದೆ. ನೂರು ಸಲ ನೋಡಿದ ಪ್ರಸಂಗಕ್ಕೆ ಮತ್ತೆ ಹೋಗುವುದೇ ಇವನು ಹೇಗೆ ಮಾಡುತ್ತಾನೆ ನೋಡೋಣ ಎಂದು. ತಾಳಮದ್ದಲೆಯಲ್ಲಂತೂ ವೇಷವೇ ಇಲ್ಲ. ಪಂಚೆ ಉಟ್ಟು ಕೂತವರು ಮಾತಿನಲ್ಲೇ ಕೃಷ್ಣನಾಗುತ್ತಾರೆ, ನಾಳೆ ಅವರೇ ಕೌರವ. ಗಂಡಸರ ಸ್ತ್ರೀವೇಷವನ್ನು ತಲೆಮಾರುಗಳ ಕಾಲ ಮೆಚ್ಚಿದ ಜನ ನಾವು. ಹೆಂಗಸರು ಗಂಡುವೇಷ ಕಟ್ಟಿದಾಗ ಗೊಣಗಿದವರೂ ನಮ್ಮಲ್ಲೇ ಇದ್ದರು ಅನ್ನಿ. ಧಾರಾವಾಹಿಗಳಲ್ಲೂ ಅಷ್ಟೇ. ಸೋಮವಾರ ಇದ್ದಕ್ಕಿದ್ದಂತೆ ಸೊಸೆಯ ಮುಖ ಬೇರೆ. ನಾಲ್ಕು ದಿನ 'ಹಳೆಯವಳೇ ಚೆನ್ನಾಗಿದ್ದಳು' ಎನ್ನುತ್ತಾರೆ. ಐದನೇ ದಿನ, ಹಳೆಯವಳು ಮಾಡಿದ ತಪ್ಪಿಗೆ ಹೊಸಬಳನ್ನು ಬೈಯುತ್ತಿರುತ್ತಾರೆ.

ಸಿನಿಮಾದಲ್ಲಿ ಮಾತ್ರ ನಮ್ಮ ಕಥೆ ಬೇರೆ. ಅಲ್ಲಿ ಪಾತ್ರ ನೆಪ, ನಟನೇ ಎಲ್ಲ. ಇಲ್ಲಿಯವರು ಪಾತ್ರಕ್ಕಾಗಿ ಅಳುತ್ತಾರೆ, ನಾವು ನಟನಿಗಾಗಿ. ದಿ ಹಂಡ್ರೆಡ್ ಧಾರಾವಾಹಿಯಲ್ಲಿ ಲೆಕ್ಸಾ ಎಂಬ ಯೋಧೆ ತನ್ನ ಪ್ರೇಯಸಿ ಕ್ಲಾರ್ಕ್ ಜೊತೆ ಕೊನೆಗೂ ಒಂದಾಗುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಗುಂಡು ತಗುಲಿ ಸಾಯುತ್ತಾಳೆ. ಅದು 2016ರ ಮಾರ್ಚ್‌ನಲ್ಲಿ ಬಂದ ಕಂತು. ನಟಿ ಅಲಿಸಿಯಾ ಡೆಬ್ನಮ್-ಕ್ಯಾರಿ ಇನ್ನೊಂದು ಧಾರಾವಾಹಿಗೆ ಒಪ್ಪಿಕೊಂಡಿದ್ದರು ಎನ್ನುವುದು ಒಂದು ಕಾರಣ. ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಟೀವಿಯಲ್ಲಿ ಸಾವೇ ಗತಿಯಾ ಎಂದು ಅಭಿಮಾನಿಗಳು ಸಿಡಿದೆದ್ದರು. ಬರೀ ಕೂಗಾಡಿ ಸುಮ್ಮನಾಗಲಿಲ್ಲ. ಆತ್ಮಹತ್ಯೆಯ ಅಂಚಿನಲ್ಲಿರುವ ಯುವಜನರಿಗೆ ನೆರವಾಗುವ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಗೆ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಇರಲೇ ಇರದ ಒಬ್ಬ ಹುಡುಗಿಯ ಹೆಸರಿನಲ್ಲಿ! ನನಗೆ ನೆನಪಾದದ್ದು 2021ರ ಅಕ್ಟೋಬರ್. ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣುಗಳು ದಾನವಾದವು. ಅದರ ಬೆನ್ನಿಗೇ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಅವರು ಅಪ್ಪುವಿಗಾಗಿ ಬಂದವರು, ಅಪ್ಪು ಮಾಡಿದ ಯಾವುದೋ ಪಾತ್ರಕ್ಕಾಗಿ ಅಲ್ಲ. ಯಾವುದು ಮೇಲು ಎಂದು ತೂಗಲು ನನಗೆ ಮನಸ್ಸಿಲ್ಲ.

ಜೋಡಿ ಮತ್ತು ನಟ ಬದಲಾವಣೆ ಎರಡೂ ಒಂದಕ್ಕೊಂದು ಗಂಟು ಬಿದ್ದಿರುವುದು ಡಾಕ್ಟರ್ ಹೂನಲ್ಲಿ. ಬಿಬಿಸಿಯ ಈ ಧಾರಾವಾಹಿ ಶುರುವಾದದ್ದು 1963ರಲ್ಲಿ. ಡಾಕ್ಟರ್ ಎಂದು ಕರೆಸಿಕೊಳ್ಳುವ ಅನ್ಯಗ್ರಹದವನೇ ಇದರ ನಾಯಕ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಿತು. 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಬಂದರು. ನಾಯಕ ಸಾಯುವ ಬದಲು ಮೈ ಬದಲಿಸುತ್ತಾನೆ ಎಂದು ಕಥೆಯಲ್ಲೇ ಸೇರಿಸಿದರು. ನಟನ ಬದಲಾವಣೆಯನ್ನು ಕಥೆಯೊಳಗೇ ತಂದ ಈ ಉಪಾಯ ನನಗೆ ಬಹಳ ಇಷ್ಟ. ಆದರೂ 2017ರಲ್ಲಿ ನಟಿ ಜೋಡೀ ವಿಟ್ಟೇಕರ್ ಅವರೇ ಮೊದಲ ಹೆಣ್ಣು ಡಾಕ್ಟರ್ ಎಂದು ಹೇಳಿದಾಗ ಗದ್ದಲವೋ ಗದ್ದಲ. ಅಷ್ಟು ಸಲ ಮೈ ಬದಲಿಸಿದ ಅನ್ಯಗ್ರಹದವನು ಹೆಣ್ಣಾಗಬಾರದಂತೆ!

ಡಾಕ್ಟರ್‌ಗೆ ಪ್ರೇಮ ಇರಬಾರದು ಎಂಬ ಮಡಿಯೂ ಇತ್ತು. 1996ರ ಟೀವಿ ಚಿತ್ರದಲ್ಲಿ ಪಾಲ್ ಮೆಕ್‌ಗ್ಯಾನ್ ಅವರ ಡಾಕ್ಟರ್ ಒಂದು ಮುತ್ತು ಕೊಟ್ಟದ್ದಕ್ಕೇ ಹಳೇ ಅಭಿಮಾನಿಗಳು ಹೌಹಾರಿದರು. 2005ರಲ್ಲಿ ಧಾರಾವಾಹಿ ಮರಳಿದಾಗ ಡಾಕ್ಟರ್ ಜೊತೆ ಓಡಾಡುವ ರೋಸ್ ಪಾತ್ರಕ್ಕೆ ಬಿಲ್ಲಿ ಪೈಪರ್ ಬಂದರು. ಪಾಪ್ ಹಾಡುಗಾರ್ತಿಗೆ ನಟನೆ ಬರುತ್ತಾ ಎಂದು ಮೂಗು ಮುರಿದವರು ಕೊನೆಗೆ ರೋಸ್ ಮತ್ತು ಡಾಕ್ಟರ್ ಬೀಳ್ಕೊಡುವ ದೃಶ್ಯಕ್ಕೆ ಅತ್ತರು. ಅದರ ನಡುವೆ ಡಾಕ್ಟರ್ ಬದಲಾಗಿದ್ದ. ಕ್ರಿಸ್ಟೋಫರ್ ಎಕಲ್‌ಸ್ಟನ್ ಒಂದೇ ಸೀಸನ್ನಿಗೆ ಹೊರಟು ಡೇವಿಡ್ ಟೆನಂಟ್ ಬಂದಿದ್ದರು. ನಾನು ಮೆಚ್ಚಿದವನು ಇವನೇನಾ ಎಂದು ರೋಸ್ ತಬ್ಬಿಬ್ಬಾಗುವುದನ್ನು ಕಥೆಯಲ್ಲೇ ತೋರಿಸಿದರು. ನೋಡುವವರ ಅನುಮಾನವನ್ನು ಅವಳ ಬಾಯಿಂದ ಆಡಿಸಿ, ಅವಳು ಒಪ್ಪಿಕೊಂಡ ಹಾಗೆ ನಮ್ಮನ್ನೂ ಒಪ್ಪಿಸಿದರು. ನಮ್ಮ ಧಾರಾವಾಹಿಗಳ ಸೋಮವಾರದ ಸೊಸೆಗೆ ಈ ಭಾಗ್ಯ ಇಲ್ಲ. ಮನೆಯಲ್ಲಿ ಯಾರೂ ಅವಳ ಮುಖ ಬದಲಾದದ್ದನ್ನು ಗಮನಿಸುವುದೇ ಇಲ್ಲ!

ಈಗ ನೋಡಿ, 2025ರ ಮೇ ಕೊನೆಯಲ್ಲಿ ಶೂಟಿ ಗಾಟ್ವಾ ಅವರ ಡಾಕ್ಟರ್ ಮೈ ಬದಲಿಸಿದಾಗ ಕಂಡ ಮುಖ ಅದೇ ಬಿಲ್ಲಿ ಪೈಪರ್ ಅವರದ್ದು. ಡಾಕ್ಟರ್ ಪ್ರೀತಿಸಿದವಳ ಮುಖ ಡಾಕ್ಟರ್‌ಗೇ! ಕೊನೆಯ ಹೆಸರುಗಳಲ್ಲಿ ಪೈಪರ್ ಅವರ ಹೆಸರಿತ್ತು, ಡಾಕ್ಟರ್ ಪಾತ್ರದಲ್ಲಿ ಎಂದು ಹಾಕಿರಲಿಲ್ಲ. ಸ್ನೇಹಿತರು ಅದಕ್ಕೂ ಸಾಕ್ಷಿ ಹುಡುಕಲು ಕೂತರು. ಪೈಪರ್ ಡಾಕ್ಟರ್ ಆಗಿಯೇ ಮುಂದುವರಿದರೆ ನಾನಂತೂ ಮೊದಲ ಕಂತಿನಿಂದ ನೋಡುತ್ತೇನೆ. ಹಳೇ ಜೋಡಿಯನ್ನು ನೆನಪಿಸಿ ಶಿಪ್ಪರ್‌ಗಳನ್ನು ಕರೆತರಲು ಆಕೆಯ ಮುಖ ಬಳಸಿದ್ದರೆ ಮಾತ್ರ ಅದು ಆ ನಟಿಗೆ ಮಾಡಿದ ಅನ್ಯಾಯ.