ಮರೆವಿಗೆ ಅರಿಶಿನದ ಹಾಲು, ಅರಿಶಿನಕ್ಕೆ ಸೀಸದ ಬಣ್ಣ

ಮಲಗುವ ಮುಂಚೆ ಒಂದು ಲೋಟ ಅರಿಶಿನದ ಹಾಲು ಕುಡಿದರೆ ಮರೆವಿನ ರೋಗ ಹತ್ತಿರ ಸುಳಿಯುವುದಿಲ್ಲ ಎಂಬ ಮೆಸೇಜು ನಿಮಗೂ ಬಂದಿರುತ್ತದೆ. ಬಂದಿಲ್ಲವೆಂದರೆ ಫ್ಯಾಮಿಲಿ ಗ್ರೂಪಿನಿಂದ ನಿಮ್ಮನ್ನು ತೆಗೆದಿದ್ದಾರೆ. ಹಾಲು ನಾಟಿ ಹಸುವಿನದಾಗಿರಬೇಕು, ಕಾಳುಮೆಣಸು ಎರಡೇ ಇರಬೇಕು, ಲೋಟ ಬೆಳ್ಳಿಯದಾದರೆ ಉತ್ತಮ. ಇಷ್ಟೆಲ್ಲ ವಿಚಾರಿಸುವ ನಾವು ಅರಿಶಿನವನ್ನು ಮಾತ್ರ ಏನೂ ಕೇಳುವುದಿಲ್ಲ. ಹಳದಿಯಾಗಿದೆಯಲ್ಲ, ಸಾಕು.

ಆ ಹಳದಿಗೇ ನಮ್ಮ ವ್ಯಾಪಾರಸ್ಥರು ಪಡುವ ಶ್ರಮ ದೊಡ್ಡದು. ಕೊಂಬನ್ನು ಬೇಯಿಸಿ, ಹತ್ತು-ಹದಿನೈದು ದಿನ ಬಿಸಿಲಿಗೆ ಹರಡಿ, ಡ್ರಮ್ಮಿಗೆ ತುಂಬಿ ತಿರುಗಿಸಿ ಸಿಪ್ಪೆ ಉಜ್ಜುತ್ತಾರೆ. ಮರ್ಯಾದಸ್ಥ ರೈತ ಕೊನೆಯ ಹತ್ತು ನಿಮಿಷದಲ್ಲಿ ಅರಿಶಿನದ ಪುಡಿಯನ್ನೇ ನೀರಿಗೆ ಕಲಸಿ ಹಾಕುತ್ತಾನೆ. ಒಣಗುವಾಗ ಮಳೆ ಬಿದ್ದರೆ, ಸರಿಯಾಗಿ ಬೇಯದಿದ್ದರೆ, ಕೊಂಬು ಮಂಕಾಗುತ್ತದೆ. ಹರಾಜಿನಲ್ಲಿ ಕೊಳ್ಳುವವನು ಎರಡು ಕೊಂಬು ಅಂಗೈಯಲ್ಲಿ ತಿಕ್ಕಿ, ಬಣ್ಣ ನೋಡಿ, ಮುಖ ಸಿಂಡರಿಸುತ್ತಾನೆ. ಆ ಸಿಂಡರಿಸಿದ ಮುಖಕ್ಕೆ ಸಿಕ್ಕಿರುವ ಔಷಧವೇ ಲೆಡ್ ಕ್ರೋಮೇಟ್. ರಸ್ತೆಯ ಹಳದಿ ಪಟ್ಟಿಗೆ ಬಳಿಯುತ್ತಿದ್ದ ಬಣ್ಣ. ಅಗ್ಗ, ಡ್ರಮ್ಮಿಗೆ ಒಂದು ಹಿಡಿ ಎಸೆದರೆ ಕೊಂಬು ಮದುಮಗಳಂತೆ ಹೊಳೆಯುತ್ತದೆ.

ಲೆಕ್ಕ ಮಾಡಿ. ಲೆಡ್ ಕ್ರೋಮೇಟಿನ ತೂಕದಲ್ಲಿ ನೂರಕ್ಕೆ 64 ಪಾಲು ಸೀಸವೇ. ಒಂದು ಕಿಲೋ ಅರಿಶಿನಕ್ಕೆ ಒಂದೇ ಗ್ರಾಂ ಬಿದ್ದರೂ 640 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 640 ಪಾಲು ಸೀಸ ಆಯಿತು. ನಮ್ಮ ಕಾನೂನಿನ ಮಿತಿ 10. ಸಾರು, ಪಲ್ಯ, ಚಿತ್ರಾನ್ನದಲ್ಲಿ ಮಗುವಿನ ಹೊಟ್ಟೆಗೆ ದಿನಕ್ಕೆ ಅರ್ಧ ಗ್ರಾಂ ಅರಿಶಿನ ಹೋದರೆ 320 ಮೈಕ್ರೋಗ್ರಾಂ ಸೀಸ. ಅಮೆರಿಕದವರು ಮಗುವಿಗೆ ದಿನಕ್ಕೆ 2.2 ದಾಟಬಾರದು ಅನ್ನುತ್ತಾರೆ. ಅವರು ಬಿಡಿ, ಪುಕ್ಕಲರು.

ಮಿದುಳಿಗೆ ವಿಷವಾದ ಈ ಸೀಸಕ್ಕೆ ಬುದ್ಧಿ ಜಾಸ್ತಿ. ದೇಹಕ್ಕೆ ಅದು ಕ್ಯಾಲ್ಸಿಯಂನಂತೆ ಕಾಣುತ್ತದೆ, ಹಾಗಾಗಿ ಮೂಳೆಯೇ ಮನೆ ಕೊಟ್ಟು ಕೂರಿಸಿಕೊಳ್ಳುತ್ತದೆ. ರಕ್ತದಲ್ಲಿ ಒಂದು ತಿಂಗಳಿಗೆ ಅರ್ಧ ಕರಗಿದರೂ ಮೂಳೆಯಲ್ಲಿ ದಶಕಗಳು ಕಾಲು ಚಾಚಿ ಕೂರುತ್ತದೆ. ವಯಸ್ಸಾಗಿ ಮೂಳೆ ಸವೆಯತೊಡಗಿದಾಗ ಎದ್ದು ಮತ್ತೆ ರಕ್ತಕ್ಕೆ ಇಳಿಯುತ್ತದೆ. ಹುಟ್ಟಿದ ಮೊದಲ 400 ದಿನ ಸೀಸ ಕೊಟ್ಟಿದ್ದ ಕೋತಿಗಳ ಮಿದುಳನ್ನು 23ನೇ ವಯಸ್ಸಿನಲ್ಲಿ ನೋಡಿದಾಗ ಆಲ್ಝೈಮರ್ಸ್ ಎಂಬ ಮರೆವಿನ ರೋಗ ಬಂದವರಲ್ಲಿ ಕಾಣುವಂಥ ಗುರುತುಗಳಿದ್ದವು. ಮನುಷ್ಯರಲ್ಲಿ ಸೀಸವೇ ಕಾರಣ ಎಂದು ಸಾಬೀತಾಗಿಲ್ಲ. ಮೂಳೆಯಲ್ಲಿ ಸೀಸ ಹೆಚ್ಚಿದ್ದ ಮುದುಕರ ಬುದ್ಧಿಶಕ್ತಿ ಬೇಗ ಕುಂದಿದ್ದು ಮಾತ್ರ ಕಂಡಿದೆ. ಅಂತೂ ಅರವತ್ತರ ಅರಳುಮರಳಿಗೆ ಆರನೇ ತಿಂಗಳ ಅನ್ನಪ್ರಾಶನದಲ್ಲೇ ಮುಂಗಡ ಕಟ್ಟಬಹುದು. ರೋಗವೂ ಮದ್ದೂ ಒಂದೇ ಪೊಟ್ಟಣದಲ್ಲಿ, ಅದೂ ಒಂದೇ ಜಿಎಸ್‌ಟಿಯಲ್ಲಿ!

ಬಾಂಗ್ಲಾದೇಶದವರಿಗೆ ಈ ಹಾಸ್ಯ ಅರ್ಥವಾಗಲಿಲ್ಲ. 1980ರ ದಶಕದ ಒಂದು ನೆರೆಯಲ್ಲಿ ನೆಂದು ಮಂಕಾದ ಕೊಂಬಿಗೆ ಅಲ್ಲಿ ಶುರುವಾದ ಬಣ್ಣವಂತೆ ಅದು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ 47 ಶೇಕಡಾದಲ್ಲಿ ಸೀಸ ಸಿಕ್ಕಿತು. ಅಧಿಕಾರಿಗಳು ಸೀಸ ಪತ್ತೆ ಮಾಡುವ ಕೈ ಎಕ್ಸ್‌-ರೇ ಯಂತ್ರ ಹಿಡಿದು ಢಾಕಾದ ಸಗಟು ಮಂಡಿಗೆ ನುಗ್ಗಿದರು, ಮಾಲು ಜಪ್ತಿ ಮಾಡಿದರು, ದಂಡ ಹಾಕಿದರು, ಅದನ್ನು ಟಿವಿಯಲ್ಲಿ ತೋರಿಸಿದರು. 2021ಕ್ಕೆ ಸೊನ್ನೆ. ಎರಡೇ ವರ್ಷ. ಅದೇ ಹೊತ್ತಿಗೆ ಪಾಟ್ನಾದ ಮಾದರಿಗಳಲ್ಲಿ ಸಾವಿರ ಪಿಪಿಎಂ ದಾಟಿದ್ದು ಸಿಕ್ಕಿತ್ತು. ಇಲ್ಲಿ ಮಾಡಲಾಗದ್ದು ಏನಿದೆ? ಯಂತ್ರ ಇದೆ, ಕಾನೂನು ಇದೆ, ಇನ್ಸ್‌ಪೆಕ್ಟರ್ ಇದ್ದಾರೆ. ಮಗು ಓದಿನಲ್ಲಿ ಹಿಂದೆ ಬಿದ್ದರೆ ರಕ್ತದ ಸೀಸ ನೋಡಿ ಎಂದು ಬರೆಯುವ ಡಾಕ್ಟರು ಸಿಗುವುದು ಅಪರೂಪ. ಟ್ಯೂಷನ್ ಮೇಷ್ಟ್ರು ಮಾತ್ರ ಬೀದಿಗೊಬ್ಬರು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಗಾಜಿನ ಲೋಟದ ನೀರಿಗೆ ಇಡೀ ಕೊಂಬು ಹಾಕಿ, ಅಲ್ಲಾಡಿಸಬೇಡಿ. ಬಿದ್ದ ಕೂಡಲೇ ಗಾಢ ಹಳದಿ ಬಿಟ್ಟರೆ ಅನುಮಾನ ಪಡಿ. ಬಿಡದಿದ್ದರೆ ಶುದ್ಧ ಎಂದಲ್ಲ. ಹತ್ತು ಪಿಪಿಎಂ ಅಳೆಯುವುದು ಲ್ಯಾಬು, ಲೋಟವಲ್ಲ. ಪುಡಿಯಲ್ಲಂತೂ ಕಣ್ಣಿಗೆ ಏನೂ ಹತ್ತುವುದಿಲ್ಲ. ಅದಕ್ಕಿಂತ ಅಂಗಡಿಯಲ್ಲಿ ಪಾಲಿಶ್ ಇಲ್ಲದ, ಮಣ್ಣುಬಣ್ಣದ ಕೊಂಬು ಕೇಳಿ ಬೀಸಿಸಿಕೊಳ್ಳಿ. ಶೆಟ್ಟರು ಗೋಣಿ ಮುಚ್ಚುತ್ತಾರೆ: "ಅಯ್ಯೋ, ಅದು ಸೆಕೆಂಡ್ಸ್ ಮಾಲು ಅಮ್ಮಾ, ನಿಮ್ಮಂಥೋರಿಗಲ್ಲ. ಇದು ತಗೊಳ್ಳಿ, ಹೆಂಗ್ ಹೊಳೀತಾ ಇದೆ ನೋಡಿ."