ಬರ್ನ್ಸ್ ಸಪ್ಪರ್‌ಗೆ ಅಡುಗೆಯವರನ್ನು ಗೊತ್ತುಮಾಡುವಾಗ

ಜನವರಿ ಬಂದರೆ ಸ್ಕಾಟ್ಲೆಂಡಿನ ಎಡಿನ್‌ಬರೋದ ಸಣ್ಣ ಪುಟ್ಟ ಆಫೀಸುಗಳಲ್ಲೂ ಬರ್ನ್ಸ್ ಸಪ್ಪರ್ ಮಾತು ಶುರುವಾಗುತ್ತದೆ. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು, ಆಲೋವೇ ಎಂಬ ಹಳ್ಳಿಯಲ್ಲಿ. ತೀರಿಹೋಗಿ ಐದು ವರ್ಷಕ್ಕೆ, 1801ರಲ್ಲಿ, ಗೆಳೆಯರು ಅವನು ಹುಟ್ಟಿದ ಮನೆಯಲ್ಲೇ ಸೇರಿ ಊಟ ಮಾಡಿ ಅವನನ್ನು ನೆನೆದರು. ಅದೇ ಇಂದಿಗೂ ನಡೆದುಬಂದಿದೆ. ನಮ್ಮ ಬೇಂದ್ರೆಯವರು ಹುಟ್ಟಿದ್ದೂ ಜನವರಿಯಲ್ಲೇ, 31ಕ್ಕೆ. ಅವತ್ತು ನಾವು ಭಾಷಣ ಇಡುತ್ತೇವೆ. ಒಂದು ಊಟವನ್ನೂ ಇಟ್ಟರೆ ಎಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ನಮ್ಮ ಊರಲ್ಲಿ ಅಡುಗೆ ಭಟ್ಟರು ಮೊದಲು ಸಾಮಾನಿನ ಪಟ್ಟಿ ಕೊಡುತ್ತಾರೆ. ನಸುಕಿನಲ್ಲೇ ಬಂದು ಛತ್ರದಲ್ಲಿ ಒಲೆ ಹಚ್ಚುತ್ತಾರೆ. ನೂರು ಜನ ಅಂದಿದ್ದು ನೂರಿಪ್ಪತ್ತಾದರೂ ಹೇಗೋ ಸರಿದೂಗಿಸುತ್ತಾರೆ. ಇಲ್ಲಿ ಸ್ಕಾಟ್ಲೆಂಡಿನಲ್ಲಿ ತಲೆಗಿಷ್ಟು ಅಂತ ದರ, ಮುಂಗಡ, ಆಮೇಲೆ ಮೊದಲೇ ಖಚಿತ ಲೆಕ್ಕ. ಯಾರಿಗೆ ಏನು ಆಗಿಬರುವುದಿಲ್ಲ ಅಂತಲೂ ಕೇಳುತ್ತಾರೆ. ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಯಾವ ಅಡುಗೆಯಲ್ಲಿದೆ ಅಂತ ಅಡುಗೆಯವರು ತಿಳಿಸಲೇಬೇಕು, ಕಾನೂನೇ ಇದೆ. ಈ ಕೇಳುವ ಅಭ್ಯಾಸ ನಮ್ಮ ಮದುವೆಮನೆಗಳಿಗೂ ಬರಬೇಕು. ಗೋಡಂಬಿ ತಿಂದರೆ ಉಸಿರು ಕಟ್ಟುವ ಮಗು ನಮ್ಮ ಪಂಕ್ತಿಯಲ್ಲೂ ಕೂತಿರಬಹುದು, ಅಲ್ವಾ?

ಕೌನ್ಸಿಲ್‌ನವರು (ಇಲ್ಲಿನ ನಗರಸಭೆಯವರು) ಅಡುಗೆಮನೆಯ ಶುಚಿತ್ವ ನೋಡಿ 'ಪಾಸ್' ಕೊಟ್ಟಿದ್ದಾರಾ ಅಂತಲೂ ವಿಚಾರಿಸಿ. ಅದಿಲ್ಲದವರ ಜೊತೆ ದರದ ಮಾತೇ ಬೇಡ.

ಈ ಸಪ್ಪರ್‌ನ ಮುಖ್ಯ ಅಡುಗೆಯಾದ ಹ್ಯಾಗಿಸ್ ಬಡಿಸುವುದು ಸುಲಭದ ಕೆಲಸವಲ್ಲ. ಕುರಿಯ ಹೃದಯ, ಲಿವರ್, ಶ್ವಾಸಕೋಶಕ್ಕೆ ಓಟ್ಸ್, ಈರುಳ್ಳಿ, ಕೊಬ್ಬು, ಮಸಾಲೆ ಬೆರೆಸಿ ಮಾಡುವ ಖಾದ್ಯ ಅದು. ಬ್ಯಾಗ್‌ಪೈಪ್ ಊದುತ್ತಾ ಅದನ್ನು ಮೆರವಣಿಗೆಯಲ್ಲಿ ತರುತ್ತಾರೆ. ಅದರ ಮೇಲೆ ಬರ್ನ್ಸ್ ಬರೆದ ಎಂಟು ಚರಣದ ಪದ್ಯ ಓದುತ್ತಾರೆ. ಮೂರನೇ ಚರಣಕ್ಕೆ ಬಂದಾಗ ಹ್ಯಾಗಿಸ್‌ಗೆ ಚಾಕು ಹಾಕುತ್ತಾರೆ. ಇಷ್ಟಾಗುವಷ್ಟರಲ್ಲಿ ಊಟ ಆರಿಹೋಗಬಾರದಲ್ಲ! ಪಳಗಿದ ಅಡುಗೆಯವರು ಮೆರವಣಿಗೆಗೆ ಒಂದನ್ನು ಕಳಿಸಿ, ಉಳಿದಿದ್ದನ್ನು ಒಳಗೆ 63 ಡಿಗ್ರಿಗಿಂತ ಕೆಳಗಿಳಿಯದಂತೆ ಬಿಸಿ ಇಟ್ಟಿರುತ್ತಾರೆ. ಪದ್ಯ ಮುಗಿಯುತ್ತಿದ್ದಂತೆ ಮಸೆದ ಸ್ವೀಡ್ ಗೆಡ್ಡೆ, ಆಲೂಗಡ್ಡೆ ಜೊತೆ ತಟ್ಟೆಗಳು ಹೊರಬರುತ್ತವೆ. ಹಿಂದೆ ಬರ್ನ್ಸ್ ಸಪ್ಪರ್ ಮಾಡಿದ್ದೀರಾ ಅಂತ ದರಕ್ಕಿಂತ ಮೊದಲೇ ಕೇಳಿ.

ನನಗೆ ಜಾಸ್ತಿ ಮುಖ್ಯವಾದದ್ದು ಸಸ್ಯಾಹಾರಿಗಳ ತಟ್ಟೆ. ಬೇಳೆ, ಕಾಳು, ಕ್ಯಾರೆಟ್, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಹೊಸದೇನಲ್ಲ. ಎಡಿನ್‌ಬರೋದ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ 1984ರಲ್ಲಿ ಶುರುವಾದಾಗಲೇ ಮ್ಯಾಕ್‌ಸ್ವೀನ್ ಅಂಗಡಿಯವರು ಅದನ್ನು ಮಾಡಿಕೊಟ್ಟಿದ್ದರು. ಆದರೂ ಕೆಲವು ಸಪ್ಪರ್‌ಗಳಲ್ಲಿ ಅದು ಎಲ್ಲರದೂ ಅರ್ಧ ಊಟ ಆದಮೇಲೆ ಬರುತ್ತದೆ. ಅದೂ ಮೆರವಣಿಗೆಯಲ್ಲೇ ಬರಲಿ, ಬೇರೆ ಚಾಕುವಿನಲ್ಲಿ ಕತ್ತರಿಸಲಿ. ನಮ್ಮ ಬಾಳೆಲೆ ಊಟದಲ್ಲಿ ಕೊನೆಯ ಎಲೆಗೂ ಬಡಿಸುವವರೆಗೆ ಯಾರೂ ತುತ್ತು ಎತ್ತುವುದಿಲ್ಲ. ಆ ಮರ್ಯಾದೆ ಇಲ್ಲಿಗೂ ಬರಬೇಕು. ಸೂಪಿಗೆ ಮಾಂಸದ ಸಾರು ಹಾಕಿದ್ದಾರಾ, ರಾಸ್ಪ್‌ಬೆರಿ ಮತ್ತು ಕೆನೆಯ ಸಿಹಿತಿಂಡಿಯಾದ ಕ್ರಾನಕನ್‌ಗೆ ವಿಸ್ಕಿ ಹಾಕದೆ ಕೆಲವು ಲೋಟ ಮಾಡಿಕೊಡುತ್ತಾರಾ, ಇದನ್ನೆಲ್ಲ ಬರಹದಲ್ಲೇ ಮಾತಾಡಿಕೊಳ್ಳಿ.

25ನೇ ತಾರೀಖೇ ಬೇಕು ಅಂತ ಹಠ ಬೇಡ. ಹಿಂದುಮುಂದಿನ ವಾರಗಳಲ್ಲೂ ಸಪ್ಪರ್ ನಡೆಯುತ್ತವೆ. ಸಣ್ಣ ಕಂಪನಿಗೆ ಒಳ್ಳೆಯ ಅಡುಗೆಯವರು, ಬ್ಯಾಗ್‌ಪೈಪ್ ಊದುವ ಪೈಪರ್ ಇಬ್ಬರೂ ಆಗ ಸುಲಭವಾಗಿ ಸಿಗುತ್ತಾರೆ.