ಖಜಾಂಚಿ ಅಂದರೆ ಖುರ್ಚಿ ಎಣಿಸುವವನಾ?

ನಿನ್ನೆ ಒಂದು ಕಾಲೇಜಿಗೆ ಹೋಗಿದ್ದೆ. ನಮ್ಮ ಕಲಬುರಗಿಯದೇ. ಯಾವುದು ಅಂತ ಕಮೆಂಟಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ವಿದ್ಯಾರ್ಥಿಗಳ ಕೌಶಲ ಸಂಘದ ಉದ್ಘಾಟನೆ ಇತ್ತು. ಗಂಜಿನ (ಕಾಳು ಮಾರುವ ಮಾರುಕಟ್ಟೆಯ) ಹತ್ತಿರ ಮೋಟರ್ ರಿವೈಂಡಿಂಗ್ ಮಾಡುವ ನನ್ನನ್ನು ಬ್ಯಾನರಿನಲ್ಲಿ "ಯಶಸ್ವಿ ಉದ್ಯಮಿ" ಅಂತ ಹಾಕಿದ್ದರು. ನನ್ನ ಸಾಲದ ಕಥೆ ಗೊತ್ತಿರುವವರು ನಕ್ಕುಬಿಡಿ, ಪರವಾಗಿಲ್ಲ.

ಹತ್ತೂವರೆಯ ಕಾರ್ಯಕ್ರಮ ಹನ್ನೆರಡಕ್ಕೆ ಶುರುವಾಯಿತು. ಸ್ವಾಗತ, ಹಾರ, ಶಾಲು, ಮತ್ತೆ ಶಾಲು. ನಮ್ಮ ಬಿಸಿಲಲ್ಲಿ ಮನುಷ್ಯನಿಗೆ ಶಾಲು ಹೊದಿಸುವ ಯೋಚನೆ ಯಾರಿಗೆ ಮೊದಲು ಬಂತೋ! ನಾಯಕತ್ವದ ಬಗ್ಗೆ ಐದು ಜನ ಭಾಷಣ ಮಾಡಿದರು. ನಾಯಕರಾಗಬೇಕಾದ ಹುಡುಗರು ನೀರಿನ ಬಾಟಲಿ ಹಂಚುತ್ತಿದ್ದರು.

ಸಂಘದ ಖಜಾಂಚಿ ಊಟದ ಹೊತ್ತಿಗೆ ಸಿಕ್ಕ. "ಶಾಮಿಯಾನಕ್ಕ ಎಷ್ಟಾತಪ್ಪಾ?" ಅಂದೆ.

"ಗೊತ್ತಿಲ್ರಿ. ಅದೆಲ್ಲ ನಮ್ಮ ಸರ್ ನೋಡ್ತಾರ್ರಿ. ನಾ ಖುರ್ಚಿ ಎಣಿಸಿ ತಗೊಂಡೀನ್ರಿ, ಬರೋಬ್ಬರಿ ಇನ್ನೂರು ಅದಾವು."

ಆಮೇಲೆ ನನಗೆ ಊಟ ರುಚಿಸಲಿಲ್ಲ. ಹುಡುಗನ ತಪ್ಪಿಲ್ಲ, ಖುರ್ಚಿಯನ್ನು ಸರಿಯಾಗಿಯೇ ಎಣಿಸಿದ್ದಾನೆ. ಖಜಾಂಚಿ ಅಂತ ಹೆಸರು ಕೊಟ್ಟು ಲೆಕ್ಕದ ಪುಸ್ತಕ ಕೊಡದೆ ಇರುವುದು ಯಾವ ಸೀಮೆಯ ತರಬೇತಿ?

ಎಲ್ಲ ಕಡೆ ಇದೇ ಹಾಡು. ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶುರುವಾಗಿದ್ದು 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದಾಗ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಒಳ್ಳೆಯದೇ. ನನ್ನ ತಂಗಿ ಶಿಬಿರಕ್ಕೆ ಹೋಗಿ ಐವತ್ತು ಜನಕ್ಕೆ ರೊಟ್ಟಿ ಬಡಿದು ಬಂದಳು. ಆ ಜೋಳ ಎಷ್ಟಕ್ಕೆ ಬಂತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. "ನನಗಲ್ಲ, ನಿನಗೆ" ಅನ್ನುವುದು ಎನ್‌ಎಸ್‌ಎಸ್ ಘೋಷವಾಕ್ಯ. ಲೆಕ್ಕದ ಪುಸ್ತಕ ಬಂದಾಗ ಮಾತ್ರ ದೊಡ್ಡವರು ಅದನ್ನು "ನಿನಗಲ್ಲ, ನನಗೆ" ಅಂತ ಓದುತ್ತಾರೆ.

ಅಮೆರಿಕದಲ್ಲಿ ಎಫ್‌ಎಫ್‌ಎ ಅಂತ ಒಂದು ಸಂಘಟನೆ ಇದೆ. 1928ರಲ್ಲಿ ರೈತರ ಹುಡುಗರಿಗಾಗಿ ಕಟ್ಟಿದ್ದು. (ಹುಡುಗಿಯರನ್ನು ದೇಶದ ಮಟ್ಟದಲ್ಲಿ ಸೇರಿಸಿಕೊಂಡಿದ್ದು 1969ರಲ್ಲಿ. ಅವರೇನೂ ಮಹಾ ಜಾಣರಲ್ಲ ಬಿಡಿ.) ಅಲ್ಲಿ ಸಭೆ ಶುರುವಾಗುವಾಗ ಒಬ್ಬೊಬ್ಬ ಪದಾಧಿಕಾರಿಯೂ ಎದ್ದು ತನ್ನ ಕೆಲಸ ಏನು ಅಂತ ಬಾಯಿಬಿಟ್ಟು ಹೇಳಬೇಕು. ಖಜಾಂಚಿ ಕೂರುವುದು ಜಾರ್ಜ್ ವಾಷಿಂಗ್ಟನ್ ಚಿತ್ರದ ಹತ್ತಿರ. ವಾಷಿಂಗ್ಟನ್ ತನ್ನ ಹೊಲದ ಲೆಕ್ಕ ಇಟ್ಟ ಹಾಗೆ ಸಂಘದ ಜಮಾ ಖರ್ಚು ಇಡುತ್ತೇನೆ ಅಂತ ಎಲ್ಲರೆದುರು ಹೇಳುತ್ತಾನೆ. ಸಂಘದ್ದು ಹಾಗಿರಲಿ, ಪ್ರತಿ ಹುಡುಗನಿಗೂ ತನ್ನದೇ ಒಂದು ಕೆಲಸ ಇರುತ್ತದೆ. ಹಂದಿ ಸಾಕಲಿ, ಜೋಳ ಬೆಳೆಯಲಿ, ಅಂಗಡಿಯಲ್ಲಿ ದುಡಿಯಲಿ, ಅದರ ಲೆಕ್ಕ ಅವನೇ ಬರೆಯಬೇಕು.

ನಮ್ಮಲ್ಲಿ ಇದಕ್ಕೇನು ಕೊರತೆ? ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು ಅಂತ ಎಲ್ಲರೂ ಎದೆ ತಟ್ಟಿಕೊಂಡೆವು. ಆಳಂದದ ಹುಡುಗನೊಬ್ಬ ತನ್ನಪ್ಪನ ಒಂದೆಕರೆ ತೊಗರಿಯ ಖರ್ಚು ಬರೆಯಲಿ ನೋಡೋಣ. ಬೀಜ, ಗೊಬ್ಬರ, ಹುಳಕ್ಕೆ ಎಣ್ಣೆ ಹೊಡೆದದ್ದು, ರಾಶಿ ಮಷೀನಿನ ಬಾಡಿಗೆ, ಗಂಜಿಗೆ ತಂದ ಮೇಲೆ ಹಮಾಲಿ, ಅಡತಿ ಕಮಿಷನ್. ಕೂಡಿಸಿದ ದಿನ ಅಪ್ಪನೂ ಸುಮ್ನೆ ಕೂರುತ್ತಾನೆ, ಮಗನೂ ಸುಮ್ನೆ ಕೂರುತ್ತಾನೆ.

ಈ ಮಾತು ಎತ್ತಿದ್ದಕ್ಕೆ ಒಬ್ಬ ಲೆಕ್ಚರರು, "ದುಡ್ಡು ಕೈಗೆ ಕೊಟ್ಟರೆ ಹುಡುಗರು ತಿಂದು ಕೂಡ್ತಾರ್ರಿ. ನಾಳೆ ಆಡಿಟಿಗೆ ಯಾರು ಉತ್ತರ ಕೊಡಬೇಕು?" ಅಂದರು. ಆಡಿಟ್ ಭಯ ಸುಳ್ಳಲ್ಲ. ಚೆಕ್ಕಿಗೆ ಸಹಿ ನೀವೇ ಹಾಕಿ ಸ್ವಾಮಿ. ಮೂರು ಅಂಗಡಿ ತಿರುಗಿ ದರ ಕೇಳುವುದು, ಬಿಲ್ಲು ಅಂಟಿಸುವುದು, ಪುಸ್ತಕ ಬರೆಯುವುದು ಅವನು ಮಾಡಲಿ. ಐನೂರು ತಪ್ಪಿದರೆ ತಪ್ಪಲಿ. ಶಾಲಿಗೆ ಎಷ್ಟು ಹೋಯಿತು?

ನಾನ್ಯಾಕೆ ಇಷ್ಟು ಉರಿದುಕೊಳ್ಳುತ್ತಿದ್ದೇನೆ ಅಂದರೆ, ಐಟಿಐನಲ್ಲಿ ನಾನೂ ಖಜಾಂಚಿಯೇ ಆಗಿದ್ದೆ. ಖಾಲಿ ವೋಚರಿಗೆ ಸಹಿ ಹಾಕಿದ್ದೇನೆ, ಪೆನ್ನೂ ನಮ್ಮ ಸರ್ ಅವರದೇ. ಅಂಗಡಿ ತೆರೆದಾಗ ತಂತಿ ಸುತ್ತುವುದು ಗೊತ್ತಿತ್ತು, ಉದ್ರಿ ಬರೆದಿಡುವುದು ಗೊತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಮಳೆಗಾಲ ಬರುವಷ್ಟರಲ್ಲಿ ತಾಮ್ರದ ತಂತಿ ಕೊಟ್ಟವರ ಬಾಕಿ ತೀರಿಸಲು ಹೆಂಡತಿಯ ಬಳೆ ಅಡ ಇಟ್ಟೆ. ಇದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅವಳೂ ಇದನ್ನು ಓದುತ್ತಾಳೆ.

ಇನ್ನೂ ಒಂದು ಮಾತಿದೆ. ನನ್ನ ಅಂಗಡಿಯಲ್ಲಿ ಮೂರು ವರ್ಷದಿಂದ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದಾನೆ. ಗಲ್ಲಾದ ಹತ್ತಿರ ಅವನನ್ನು ನಾನೂ ಬಿಟ್ಟಿಲ್ಲ. ನಿನ್ನೆ ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ. ಇವತ್ತು ಬೆಳಿಗ್ಗೆ ಉದ್ರಿ ಪುಸ್ತಕ ಅವನ ಕೈಗೆ ಕೊಟ್ಟೆ. ಅರ್ಧ ಗಂಟೆಯೂ ಆಗಿಲ್ಲ, ಬಂದ.

"ಅಣ್ಣಾ, ಶಹಾಪುರದವರು ಎರಡು ಮೋಟರಿನ ರೊಕ್ಕ ಕೊಟ್ಟು ಹೋಗ್ಯಾರಂತ ನೀವೇ ಅಂದಿದ್ರಿ. ಇದರಾಗ ಜಮಾ ಇಲ್ಲಲ್ರಿ?"

ಕೊಟ್ಟಿದ್ದು ನಿಜ. ಎಲ್ಲಿ ಹೋಯಿತು ಅಂತ ನನಗೂ ನೆನಪಿಲ್ಲ. ಮೊದಲು ಚಾ ತಗೊಂಡು ಬಾ ಅಂತ ಕಳಿಸಿದ್ದೇನೆ.